ಒಂದು ಸೆಂಡ್‌ಗೆ ಒಂದೇ ರಿಸೀವ್ ಅಂತ ಯಾರು ಹೇಳಿದರು?

"ಸರ್, ನನ್ನ ಲ್ಯಾಪ್‌ಟಾಪಲ್ಲಿ ಚೆನ್ನಾಗಿ ಓಡುತ್ತೆ. ಸರ್ವರ್‌ಗೆ ಹಾಕಿದ್ರೆ ಮೆಸೇಜು ಅರ್ಧರ್ಧ ಬರುತ್ತೆ."

ಟಿಸಿಪಿ, ಅಂದರೆ ಎರಡು ಪ್ರೋಗ್ರಾಂಗಳ ನಡುವೆ ನೆಟ್‌ವರ್ಕ್ ಮೇಲೆ ಡೇಟಾ ಸಾಗಿಸುವ ನಿಯಮಾವಳಿ, ಅದನ್ನು ಬಳಸಿ ಮೆಸೇಜ್ ಕಳಿಸುವವರ ದೂರು ಇದು. ಇಷ್ಟು ಕೇಳಿದರೆ ಸಾಕು, ಕೋಡ್ ಹೇಗಿದೆ ಅಂತ ನೋಡದೆಯೇ ಹೇಳಬಲ್ಲೆ. ಒಂದು ಕಡೆ ಸೆಂಡ್. ಇನ್ನೊಂದು ಕಡೆ 1024 ಬೈಟಿನ ರಿಸೀವ್. ಬಂದದ್ದನ್ನು ಹಾಗೇ ಡಿಕೋಡ್ ಮಾಡಿ (ಬೈಟ್‌ಗಳನ್ನು ಅಕ್ಷರ ಮಾಡಿ) ಪ್ರಿಂಟ್. ನಡುವೆ ಎಲ್ಲೋ ಪ್ರೋಗ್ರಾಂ ಸುಮ್ಮನೆ ಕಾಯಲಿ ಅಂತ ಅರ್ಧ ಸೆಕೆಂಡಿನ ಸ್ಲೀಪ್ ಕೂಡ ಇರುತ್ತದೆ. ಆ ಸ್ಲೀಪ್ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸಂಪರ್ಕ ತೆರೆಯುವ ಬೈಂಡ್, ಲಿಸನ್, ಆಕ್ಸೆಪ್ಟ್ ಇವನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ಅವನ್ನು ಎಲ್ಲರೂ ಸರಿಯಾಗೇ ಬರೆಯುತ್ತಾರೆ. ಎಡವುವುದು ಒಂದೇ ಕಡೆ. ಟಿಸಿಪಿಗೆ ಮೆಸೇಜ್ ಅನ್ನುವುದು ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಬೈಟ್‌ಗಳ ಸಾಲು ಮಾತ್ರ. ಟಿಸಿಪಿಯ ನಿಯಮ ಬರೆದಿಟ್ಟ ದಾಖಲೆ, 1981ರ ಆರ್‌ಎಫ್‌ಸಿ 793ರಲ್ಲೂ ಹಾಗೇ ಇತ್ತು. 2022ರಲ್ಲಿ ಅದರ ಜಾಗಕ್ಕೆ ಬಂದ 9293ರಲ್ಲೂ ಹಾಗೇ ಇದೆ. ಸಂಪರ್ಕ ಕಡಿಯದೆ ಇದ್ದರೆ ಯಾವ ಬೈಟೂ ಕಳೆಯುವುದಿಲ್ಲ, ಹಿಂದುಮುಂದಾಗುವುದಿಲ್ಲ. ಅದು ಕೊಡುವ ಮಾತು ಅಷ್ಟೇ. ನಿಮ್ಮ ಒಂದು ವಾಕ್ಯ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅನ್ನುವುದು ಅದರ ತಲೆನೋವಲ್ಲ.

ಹಿಟ್ಟಿನ ಗಿರಣಿಗೆ ಹೋದವರಿಗೆ ಇದು ಗೊತ್ತಿರುತ್ತದೆ. ಮುಂದಿನವರ ರಾಗಿ ಮುಗಿದ ಕೂಡಲೇ ನಿಮ್ಮ ಗೋಧಿ ಸುರಿದರೆ, ಕೆಳಗೆ ಬರುವ ಹಿಟ್ಟಿನಲ್ಲಿ ಗೆರೆ ಎಳೆದಿರುವುದಿಲ್ಲ. ಹಿಟ್ಟೆಲ್ಲ ಬರುತ್ತದೆ, ಸಾಲಾಗಿಯೇ ಬರುತ್ತದೆ. ಯಾರದ್ದು ಎಲ್ಲಿಗೆ ಅನ್ನುವುದನ್ನು ನೀವೇ ನೋಡಿಕೊಳ್ಳಬೇಕು.

ಹಾಗಾಗಿ ನೀವು ಮೂರು ಸಲ ಸೆಂಡ್ ಮಾಡಿದ್ದು ಆ ಕಡೆ ಒಂದೇ ರಿಸೀವ್‌ನಲ್ಲಿ ಬರಬಹುದು. ಒಂದು ಸಲ ಕಳಿಸಿದ್ದು ಐದು ಸಲವಾಗಿ ಬರಬಹುದು. ಒಂದೂವರೆ ಮೆಸೇಜ್ ಬಂದು, ಉಳಿದರ್ಧ ಮುಂದಿನ ಸಲಕ್ಕೂ ಉಳಿಯಬಹುದು. ಇವೆಲ್ಲ ಸರಿಯಾದ ನಡವಳಿಕೆಯೇ. ನೆಟ್‌ವರ್ಕ್ ಕೆಟ್ಟಿಲ್ಲ, ಕೇಬಲ್ ಕೆಟ್ಟಿಲ್ಲ. ಪಾಪ, ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗರನ್ನು ಬೈಯಬೇಡಿ.

ಹಾಗಾದರೆ ಲ್ಯಾಪ್‌ಟಾಪಲ್ಲಿ ಹೇಗೆ ಓಡಿತು? ಅಲ್ಲಿ ಕ್ಲೈಂಟೂ ಸರ್ವರೂ ಒಂದೇ ಯಂತ್ರದಲ್ಲಿ ಇದ್ದವು. ಲಿನಕ್ಸ್‌ನ ಲೂಪ್‌ಬ್ಯಾಕ್‌ನಲ್ಲಿ (ಯಂತ್ರ ತನಗೆ ತಾನೇ ಕಳಿಸಿಕೊಳ್ಳುವ ದಾರಿಯಲ್ಲಿ) ಒಂದು ಪ್ಯಾಕೆಟ್, ಅಂದರೆ ಒಂದು ಸಲಕ್ಕೆ ಹೋಗುವ ಕಟ್ಟು, ಸುಮಾರು 65,536 ಬೈಟ್‌ವರೆಗೆ ಇರಬಹುದು. ನಿಮ್ಮ ಪುಟ್ಟ ಮೆಸೇಜು ಅದರಲ್ಲಿ ಇಡಿಯಾಗಿ ಹೋಗಿ ಇಡಿಯಾಗಿ ಬರುತ್ತದೆ. ಹೊರಗಿನ ಈಥರ್ನೆಟ್‌ನಲ್ಲಿ ಆ ಮಿತಿ ಸಾಮಾನ್ಯವಾಗಿ 1,500. ಹೆಡರ್‌ಗಳಿಗೆ 40 ಹೋದರೆ ನಿಮ್ಮ ಮಾತಿಗೆ ಉಳಿಯುವುದು ಹೆಚ್ಚೆಂದರೆ 1,460. ಅದಕ್ಕಿಂತ ಉದ್ದದ್ದು ತುಂಡಾಗಲೇಬೇಕು.

ಈಗ ಸ್ಲೀಪ್. ಎರಡು ಮೆಸೇಜ್ ಅಂಟಿಕೊಂಡು ಬಂತು ಅಂತ ನಡುವೆ ಸ್ವಲ್ಪ ಕಾಯಿಸುತ್ತಾರೆ. ಆಗ ಸರಿಹೋದ ಹಾಗೆ ಕಾಣುತ್ತದೆ. ಓದುವ ಕಡೆಯ ಪ್ರೋಗ್ರಾಂ ಯಾವುದೋ ಕೆಲಸದಲ್ಲಿ ಒಂದು ಸೆಕೆಂಡ್ ಬಿಜಿಯಾದರೆ ಮತ್ತೆ ಅಂಟಿಕೊಳ್ಳುತ್ತದೆ. ಆಗ ಸ್ಲೀಪ್ ಇನ್ನೂ ಜಾಸ್ತಿ ಮಾಡುತ್ತಾರೆ! ಸ್ವಲ್ಪ ಓದಿಕೊಂಡವರು ನೇಗಲ್ ಅಲ್ಗಾರಿದಂ ಆಫ್ ಮಾಡುತ್ತಾರೆ. ಸಣ್ಣ ಸಣ್ಣ ತುಂಡುಗಳನ್ನು ಕೂಡಿಸಿ ಕಳಿಸುವ ಆ ಉಪಾಯ 1984ರದ್ದು. ಅದನ್ನು ಆಫ್ ಮಾಡಿದರೆ ತಡ ಕಡಿಮೆಯಾಗಬಹುದು, ಮೆಸೇಜುಗಳ ನಡುವೆ ಗಡಿ ಮಾತ್ರ ಹುಟ್ಟುವುದಿಲ್ಲ. ಬಫರ್, ಅಂದರೆ ರಿಸೀವ್‌ಗೆ ಕೊಡುವ ಆ 1024, ದೊಡ್ಡದು ಮಾಡಿದರೂ ಅಷ್ಟೇ. 1024 ಅನ್ನುವುದು "ಇದಕ್ಕಿಂತ ಹೆಚ್ಚು ಕೊಡಬೇಡ" ಅನ್ನುವ ಮಾತು, "ಇಷ್ಟು ತುಂಬುವ ತನಕ ಕಾಯಿ" ಅಂತಲ್ಲ.

ಕನ್ನಡ ಕಳಿಸುವವರಿಗೆ ಇದು ಇನ್ನೂ ಬೇಗ ಕಾಡುತ್ತದೆ. ಡಿಸ್‌ಪ್ಲೇ ಬೋರ್ಡ್ ಮಾಡುವ ಒಂದು ಕಡೆ ನನ್ನನ್ನು ಕರೆದಿದ್ದರು. ಇಂಗ್ಲಿಷ್ ಸೂಚನೆ ನೀಟಾಗಿ ಬರುತ್ತಿತ್ತು. ಕನ್ನಡದ್ದು ಉದ್ದವಾದರೆ ಸಾಲಿನ ನಡುವೆ ಕಪ್ಪು ವಜ್ರದೊಳಗಿನ ಪ್ರಶ್ನೆಚಿಹ್ನೆ. "ಫಾಂಟ್ ಬದಲಾಯಿಸಿ ನೋಡಿದ್ವಿ ಸರ್. ಇದಕ್ಕೆ ಕನ್ನಡ ಸಪೋರ್ಟ್ ಇಲ್ಲ ಅನ್ಸುತ್ತೆ" ಅಂದ ಅಲ್ಲಿನ ಹುಡುಗ. ಸಪೋರ್ಟ್ ಇಲ್ಲದೆ ಮೊದಲರ್ಧ ಸಾಲು ಅಷ್ಟು ಚಂದ ಹೇಗಪ್ಪಾ ಬಂತು?

ಲೆಕ್ಕ ಸುಲಭ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. 'ಕ' ಅಂದರೆ 224, 178, 149. ಗುಣಿತದ ಚಿಹ್ನೆ, ಸೊನ್ನೆ, ಒತ್ತಿಗೆ ಮುಂಚೆ ಬರುವ ಅರ್ಧಾಕ್ಷರದ ಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಮೂರು ಮೂರು. 1024 ಮೂರರಿಂದ ಭಾಗ ಹೋಗುವುದಿಲ್ಲ. 341 ಸಂಕೇತಕ್ಕೆ 1023 ಆಗಿ, ಮುಂದಿನದರ ಒಂದು ಬೈಟ್ ಈ ಕಡೆ, ಎರಡು ಆ ಕಡೆ. ನಡುವೆ ಖಾಲಿ ಜಾಗ, ಇಂಗ್ಲಿಷ್ ಅಂಕಿ ಇದ್ದರೆ ಅವು ಒಂದೊಂದೇ ಬೈಟ್, ಹಾಗಾಗಿ ಕೆಲವೊಮ್ಮೆ ತುಂಡಾಗದೆ ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ದೋಷ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಪೈಥಾನ್ ಆದರೆ ಎರರ್ ಎಸೆದು ನಿಲ್ಲುತ್ತದೆ. ಇವರ ಕೋಡ್ ಎರರ್ ಬಂದ ಕಡೆ ಚಿಹ್ನೆ ಹಾಕಿ ಮುಂದೆ ಹೋಗುತ್ತಿತ್ತು, ಹಾಗಾಗಿ ಯಾರಿಗೂ ಸುಳಿವು ಸಿಗಲಿಲ್ಲ. ಬೈಟ್‌ಗಳನ್ನು ಪೂರ್ತಿ ಕೂಡಿಸಿಕೊಂಡ ಮೇಲೆ ಡಿಕೋಡ್ ಮಾಡಿ, ಅಥವಾ ತುಂಡು ತುಂಡಾಗಿ ತಿನ್ನಲು ಗೊತ್ತಿರುವ ಡಿಕೋಡರ್ ಬಳಸಿ.

ಪೂರ್ತಿ ಆಯಿತು ಅಂತ ಗೊತ್ತಾಗುವುದು ಹೇಗೆ? ಗಡಿಯನ್ನು ನೀವೇ ಹಾಕಬೇಕು. ಸಾಲಿನ ಕೊನೆಗೆ ನ್ಯೂಲೈನ್ ಹಾಕಿ ಅದು ಸಿಗುವ ತನಕ ಓದುವುದು ಒಂದು ದಾರಿ. ಮೆಸೇಜಿನ ಒಳಗೇ ನ್ಯೂಲೈನ್ ಬರಬಹುದು ಅನ್ನುವವರು ಮೊದಲು ಉದ್ದ ಬರೆದು ಆಮೇಲೆ ಮಾತು ಕಳಿಸಲಿ. ಇ-ಮೇಲ್ ಕಳಿಸುವ ಎಸ್‌ಎಂಟಿಪಿ ಮೊದಲ ದಾರಿಯದ್ದು. ಎಚ್‌ಟಿಟಿಪಿಯ ಕಂಟೆಂಟ್-ಲೆಂತ್ ಎರಡನೆಯದು.

ಉದ್ದ ಅಂದರೆ ಬೈಟ್‌ಗಳ ಉದ್ದ. ಅಕ್ಷರಗಳದ್ದಲ್ಲ. ಇದನ್ನು ದಯವಿಟ್ಟು ಎರಡು ಸಲ ಓದಿ. 'ಕನ್ನಡ' ಅನ್ನುವ ಸ್ಟ್ರಿಂಗ್‌ನ ಉದ್ದ ಕೇಳಿದರೆ ಪೈಥಾನ್ 5 ಅನ್ನುತ್ತದೆ. ತಂತಿಯ ಮೇಲೆ ಹೋಗುವುದು 15 ಬೈಟ್. ಉದ್ದಕ್ಕೆ ನಾಲ್ಕು ಬೈಟ್ ಇಟ್ಟು, ಮೆಸೇಜಿನ ತಲೆಯಲ್ಲಿ ನೀವು 5 ಅಂತ ಬರೆದರೆ ಆ ಕಡೆಯವನು 'ಕ' ಮತ್ತು 'ನ'ದ ಮೂರನೇ ಎರಡು ಪಾಲು ಓದಿ, ಮೆಸೇಜ್ ಮುಗಿಯಿತು ಅಂದುಕೊಳ್ಳುತ್ತಾನೆ. ಮುಂದಿನ ನಾಲ್ಕು ಬೈಟ್ ಮುಂದಿನ ಮೆಸೇಜಿನ ಉದ್ದ ಅಂತ ನಂಬುತ್ತಾನೆ. ಅವು 168, 224, 179, 141. ಕೂಡಿಸಿ ಓದಿದರೆ 283 ಕೋಟಿ ಚಿಲ್ಲರೆ! ಅಷ್ಟು ಬೈಟ್ ಬರಲಿ ಅಂತ ಪ್ರೋಗ್ರಾಂ ಕಾಯುತ್ತಾ ಕೂರುತ್ತದೆ. ಜಾವಾದಲ್ಲಾದರೆ ಅದೇ ಸಂಖ್ಯೆ ಮೈನಸ್ ಆಗಿ ಕಾಣುತ್ತದೆ. "ಸರ್ವರ್ ಹ್ಯಾಂಗ್ ಆಗಿದೆ" ಅನ್ನುವ ದೂರುಗಳಲ್ಲಿ ಕೆಲವು ಇಂಥವು. ಅದಕ್ಕೇ ಉದ್ದಕ್ಕೊಂದು ಮೇಲ್ಮಿತಿ ಇಟ್ಟು, ಮೀರಿದರೆ ಸಂಪರ್ಕ ಮುಚ್ಚಿಬಿಡಿ. ಮಿತಿ ಎಷ್ಟಿರಬೇಕು ಅನ್ನುವುದು ನಿಮ್ಮ ಕೆಲಸದ ಮೇಲೆ ಹೋಗುತ್ತದೆ, ಇಲ್ಲಿ ಕೂತು ನಾನು ಹೇಳಲಾರೆ.

ಕಳಿಸುವ ಕಡೆಯೂ ಒಂದು ಮಾತು. ಸೆಂಡ್ ನೀವು ಕೊಟ್ಟಿದ್ದನ್ನೆಲ್ಲ ತೆಗೆದುಕೊಳ್ಳಬೇಕು ಅಂತೇನಿಲ್ಲ. ಎಷ್ಟು ತೆಗೆದುಕೊಂಡೆ ಅಂತ ಹೇಳುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಪೈಥಾನ್‌ನಲ್ಲಿ ಸೆಂಡ್‌ಆಲ್ ಬಳಸಿ, ಸಿ ಆದರೆ ಲೂಪ್ ಬರೆಯಿರಿ. ಓದುವಾಗ ಸೊನ್ನೆ ಬೈಟ್ ಬಂದರೆ ಆ ಕಡೆಯವರು ಬಾಗಿಲು ಹಾಕಿದರು ಅಂತ ಅರ್ಥ. ಮತ್ತೆ ಮತ್ತೆ ಓದುತ್ತಾ ಸಿಪಿಯು ಸುಡಬೇಡಿ.

ಟಿಸಿಪಿಯ ಬದಲು ಬಳಸಬಹುದಾದ ಯುಡಿಪಿಯಲ್ಲಿ ಗಡಿ ಉಳಿಯುತ್ತದಲ್ವಾ ಅಂತ ಕೇಳುತ್ತೀರಿ. ಉಳಿಯುತ್ತದೆ, ಆದರೆ ಮೆಸೇಜೇ ಕಳೆದುಹೋಗಬಹುದು. ವೆಬ್‌ಸಾಕೆಟ್ ಬಳಸುವವರಿಗೆ ಈ ಗಡಿಯ ಕೆಲಸವನ್ನು ಅದೇ ಮಾಡಿಕೊಡುತ್ತದೆ, ಅವರು ಆರಾಮವಾಗಿರಲಿ.

ಉಳಿದವರು ಟೆಸ್ಟ್ ಮಾಡುವಾಗ ರಿಸೀವ್‌ನ 1024 ಅಳಿಸಿ 1 ಅಂತ ಹಾಕಿ ಓಡಿಸಿ. ಒಂದೊಂದೇ ಬೈಟ್ ಬಂದರೂ ಮೆಸೇಜ್ ಸರಿಯಾಗಿ ಕೂಡಿಕೊಂಡರೆ ಸರ್ವರ್‌ಗೆ ಹಾಕಿ. ಕೂಡಿಕೊಳ್ಳದಿದ್ದರೆ ನನಗೆ ಫೋನ್ ಮಾಡುವ ಮೊದಲು ಆ ಸ್ಲೀಪ್ ತೆಗೆದಿರಿ.