ಅಪಕೀರ್ತಿ, ಅಪವಾದ, ಅಪಮಾನ: ಎಲ್ಲಿ ಯಾವುದು?

ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುವವರೆಲ್ಲ ‘ಕೀರ್ತಿ × ಅಪಕೀರ್ತಿ’ ಅಂತ ಬಾಯಿಪಾಠ ಮಾಡಿರ್ತೀರಿ. ವಿರುದ್ಧ ಪದ ಕೇಳಿದರೆ ಅಷ್ಟು ಸಾಕು. ಸ್ವಂತ ವಾಕ್ಯದಲ್ಲಿ ಬಳಸಿ ಅಂದಾಗ ಮಾತ್ರ ಅಪಮಾನ, ಅಪವಾದ ಎಲ್ಲ ಕಲಸಿಹೋಗುತ್ತವೆ.

ರಾಯಚೂರಿನ ಹತ್ತಿ ಮಾರುಕಟ್ಟೆಯನ್ನೇ ನೆನೆಸಿಕೊಳ್ಳಿ. ರೈತನೊಬ್ಬ ಹತ್ತಿ ತಂದಿದ್ದಾನೆ. ಖರೀದಿದಾರ ಒಂದು ಹಿಡಿ ಕಿತ್ತು, ಅಂಗೈಯಲ್ಲಿ ಒತ್ತಿ ನೋಡಿ, ‘ತೂಕ ಬರ್ಲಿ ಅಂತ ನೀರು ಹೊಡ್ಕೊಂಡು ಬಂದೀಯಲ್ಲೋ’ ಅನ್ನುತ್ತಾನೆ. ಆ ಆರೋಪ ಅಪವಾದ. ಅದನ್ನು ನಾಲ್ಕು ಜನರ ಎದುರು ಕೂಗಿ ಹೇಳಿದ್ದರಿಂದ ರೈತನಿಗೆ ಆದದ್ದು ಅಪಮಾನ. ಆಮೇಲೆ ಮಾತು ಬಾಯಿಂದ ಬಾಯಿಗೆ ಹಬ್ಬಿ, ಅವನ ಗಾಡಿ ಬಂದರೆ ಸಾಕು ‘ಆತನ ಮಾಲು ಬ್ಯಾಡ್ರಿ’ ಅಂತ ಎಲ್ಲರೂ ಹಿಂದೆ ಸರಿಯುತ್ತಾರಲ್ಲ, ಅದು ಅಪಕೀರ್ತಿ. ಅಪವಾದ ಸುಳ್ಳಾಗಿರಬಹುದು, ಅಪಮಾನ ಅವತ್ತಿಗೇ ಮುಗಿಯಬಹುದು, ಆದರೆ ಹತ್ತಿ ಒಣಗಿದ್ದೇ ಇತ್ತು ಅಂತ ಆಮೇಲೆ ಗೊತ್ತಾದರೂ ಅಪಕೀರ್ತಿ ಅಷ್ಟು ಬೇಗ ಬಿಡುವುದಿಲ್ಲ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಅನ್ನುವ ಗಾದೆಯನ್ನು ಪ್ರಬಂಧದಲ್ಲಿ ಬಳಸುವುದಾದರೆ ಇಂಥ ಕಡೆ ಬಳಸಿ, ಸರಿಯಾಗಿ ಕೂರುತ್ತದೆ.

ಇನ್ನು ಕ್ರಿಯಾಪದ. ತಪ್ಪು ಜಾಸ್ತಿ ಆಗುವುದು ಇಲ್ಲೇ. ಅಪಮಾನ ಮಾಡುತ್ತಾರೆ, ಅಪವಾದ ಹೊರಿಸುತ್ತಾರೆ, ಅಪಕೀರ್ತಿ ಬರುತ್ತದೆ ಅಥವಾ ತರುತ್ತಾರೆ. ‘ಅವನಿಗೆ ಅಪಕೀರ್ತಿ ಮಾಡಿದರು’ ಅಂತ ಬರೆಯಬೇಡಿ, ಕಿವಿಗೇ ಒಗ್ಗುವುದಿಲ್ಲ. ಊರಿಗೆ, ಮನೆತನಕ್ಕೆ, ಜಿಲ್ಲೆಗೂ ಈ ಪದ ಹೊಂದುತ್ತದೆ. 2011ರಲ್ಲಿ ಲೋಕಾಯುಕ್ತ ವರದಿ ಬಂದು, ಸುಪ್ರೀಂ ಕೋರ್ಟ್ ಅದಿರು ತೆಗೆಯುವುದನ್ನು ನಿಲ್ಲಿಸಿದ ಸಂಗತಿ ಗೊತ್ತಲ್ವಾ? ‘ಅಕ್ರಮ ಗಣಿಗಾರಿಕೆ ಬಳ್ಳಾರಿಗೆ ಅಪಕೀರ್ತಿ ತಂದಿತು’ ಅಂತ ಬರೆದರೆ ವಾಕ್ಯ ಸರಿ. ಗಣಿಯ ಕಡೆ ತಲೆ ಹಾಕದೆ ತುಂಗಭದ್ರೆ ಕಾಲುವೆ ನೀರಲ್ಲಿ ಭತ್ತ ಬೆಳೆದವರೂ ಆ ಹೆಸರು ಹೊತ್ತರು, ನನಗೆ ಆ ನೋವು ಇವತ್ತಿಗೂ ಇದೆ.

ಕುಖ್ಯಾತಿ ಹತ್ತಿರದ ಪದವೇ. ‘ಕುಖ್ಯಾತ ಕಳ್ಳ’ ಅನ್ನಬಹುದು, ‘ಅಪಕೀರ್ತ ಕಳ್ಳ’ ಅನ್ನುವಂತಿಲ್ಲ.

ಮಾತಾಡುವಾಗ ಇವು ಯಾವುವೂ ಬಾಯಿಗೆ ಬರುವುದು ಕಡಿಮೆ. ‘ಹೆಸ್ರು ಕೆಟ್ಟೋತು’ ಅನ್ನುತ್ತೇವೆ. ರಾಯಚೂರು, ಕೊಪ್ಪಳದ ಕಡೆ 1948ರವರೆಗೆ ನಿಜಾಮರ ಆಳ್ವಿಕೆ ಇತ್ತಲ್ಲ, ಉರ್ದು ಮಾತು ಬೆರೆತಿದೆ, ‘ಇಜ್ಜತ್ ಹೋತು’ ಅನ್ನುವುದೂ ಉಂಟು. ನನಗಂತೂ ‘ಹೆಸರು ಕೆಡುವುದು’ ಅನ್ನುವುದೇ ಇಷ್ಟ, ಉತ್ತರ ಪತ್ರಿಕೆಯಲ್ಲೂ ಧೈರ್ಯವಾಗಿ ಬರೆಯಿರಿ.

ಕೋರ್ಟಿನ ವಿಷಯ ಬಂದರೆ ಮಾತ್ರ ಪದ ಬದಲಿಸಬೇಕು. ಅಲ್ಲಿ ‘ಮಾನನಷ್ಟ ಮೊಕದ್ದಮೆ’ ಅಥವಾ ‘ಮಾನಹಾನಿ’. ಮೊದಲು ಐಪಿಸಿ 499, 500ನೇ ಕಲಂ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಹಳೇ ಗೈಡ್ ಓದುವವರು ಈ ನಂಬರನ್ನು ತಿದ್ದಿಕೊಳ್ಳಿ.