ಮಂಜುಗಡ್ಡೆಯ ದಪ್ಪ ಅಳೆಯುವ ಹುಡುಗರು

ಕೆನಡಾದ ಲ್ಯಾಬ್ರಡಾರ್ ಕರಾವಳಿಯ ನೈನ್ ಎಂಬ ಊರಿಗೆ ರಸ್ತೆಯಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸಮುದ್ರವೇ ಅಲ್ಲಿನ ಇನ್ಯುಯಿಟ್ ಜನರಿಗೆ ಹೆದ್ದಾರಿ. ಸೌದೆ ತರಲು, ಸೀಲ್ ಬೇಟೆಗೆ, ನೆಂಟರ ಊರಿಗೆ ಎಲ್ಲರೂ ಅದರ ಮೇಲೆಯೇ ಸ್ನೋಮೊಬೈಲ್ ಓಡಿಸುತ್ತಾರೆ. 2009–10ರ ಚಳಿಗಾಲ ಮಾತ್ರ ವಿಪರೀತ ಬೆಚ್ಚಗಿತ್ತು. ತಲೆಮಾರುಗಳಿಂದ ನಂಬಿದ್ದ ದಾರಿಗಳಲ್ಲೇ ಮಂಜುಗಡ್ಡೆ ತೆಳುವಾಗಿ, ಜನ ನೀರಿಗೆ ಬಿದ್ದರು. ಮೆಮೋರಿಯಲ್ ವಿಶ್ವವಿದ್ಯಾಲಯದ ಟ್ರೆವರ್ ಬೆಲ್ ಮತ್ತು ಊರಿನವರು ಸೇರಿ, ಗಡ್ಡೆಯ ದಪ್ಪ ಅಳೆದು ಜನರಿಗೆ ತಿಳಿಸುವ ಸ್ಮಾರ್ಟ್‌ಐಸ್ ಎಂಬ ಸಂಸ್ಥೆ ಕಟ್ಟಿದ್ದು ಇದಾದ ಮೇಲೆ.

ಅವರ ಬಳಿ ಇರುವುದು ಎರಡು ಉಪಕರಣ. ಒಂದು, ಉದ್ದನೆಯ ಕೊಳವೆ. ಅದರುದ್ದಕ್ಕೂ ತಾಪಮಾನದ ಸೆನ್ಸರ್‌ಗಳು. ಬೈರಿಗೆಯಿಂದ ಗಡ್ಡೆಗೆ ತೂತು ಕೊರೆದು ಇಳಿಬಿಟ್ಟರೆ ತುದಿ ನೀರಲ್ಲಿ, ತಲೆ ಗಾಳಿಯಲ್ಲಿ. ಉಪ್ಪುನೀರು ಸುಮಾರು −1.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುವುದರಿಂದ, ಆ ತಾಪಮಾನ ಮುಟ್ಟಿ ನಿಂತ ಸೆನ್ಸರ್‌ಗಳೆಲ್ಲ ನೀರಿನಲ್ಲಿವೆ ಎಂದರ್ಥ. ಅಲ್ಲಿಂದ ಮೇಲಕ್ಕೆ ತಣ್ಣಗಾಗುತ್ತ ಹೋಗುವುದು ಗಡ್ಡೆ. ಲೆಕ್ಕ ಉಪಗ್ರಹದ ಮೂಲಕ ಊರಿಗೆ ಬರುತ್ತದೆ. ಕೊರೆದ ತೂತು ಮತ್ತೆ ಪೂರ್ತಿ ಹೆಪ್ಪುಗಟ್ಟುವವರೆಗಿನ ಅಂಕಿಗಳನ್ನು ನಂಬಬಾರದು, ಏಕೆಂದರೆ ಹೆಪ್ಪುಗಟ್ಟುವ ನೀರು ತಾನೇ ಶಾಖ ಬಿಡುತ್ತದೆ. ಈ ಕೊಳವೆಗಳನ್ನು ಜೋಡಿಸುವವರು ನೈನ್‌ನ ತರಬೇತಿ ಪಡೆದ ಯುವಕ ಯುವತಿಯರೇ.

ಎರಡನೆಯದನ್ನು ಸ್ನೋಮೊಬೈಲ್ ಹಿಂದೆ ಕಟ್ಟಿದ ಕಾಮುಟಿಕ್ ಎಂಬ ಜಾರುಬಂಡಿಯಲ್ಲಿಟ್ಟು ಎಳೆಯುತ್ತಾರೆ. ಇದು ವಿದ್ಯುತ್ಕಾಂತೀಯ ಸಾಧನ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುತ್ತದೆ, ಗಡ್ಡೆ ಮತ್ತು ಹಿಮ ಬಹುತೇಕ ಬಿಡುವುದಿಲ್ಲ. ಹಾಗಾಗಿ ಸಾಧನಕ್ಕೆ ತಿಳಿಯುವುದು ನೀರಿನ ಮೇಲ್ಮೈ ಎಷ್ಟು ಕೆಳಗಿದೆ ಎಂಬುದಷ್ಟೇ. ಅದರಲ್ಲಿ ಬಂಡಿಯ ಎತ್ತರವನ್ನೂ ಹಿಮದ ಆಳವನ್ನೂ ಕಳೆಯಬೇಕು. ಹಿಮದ ಆಳವನ್ನು ಕೋಲು ಚುಚ್ಚಿ ಬೇರೆಯಾಗಿಯೇ ಅಳೆಯಬೇಕು. ನಡುನಡುವೆ ತೂತು ಕೊರೆದು ಟೇಪು ಇಳಿಸಿ ತಾಳೆ ನೋಡುವುದನ್ನೂ ಬಿಡುವಂತಿಲ್ಲ.

ಇಲ್ಲೊಂದು ಅಪಾಯದ ತಪ್ಪಿದೆ. ನದೀಮುಖದಲ್ಲಿ ಗಡ್ಡೆಯ ಕೆಳಗೆ ಸಿಹಿನೀರಿನ ಪದರ ನಿಂತಿರುತ್ತದೆ. ಸಿಹಿನೀರು ವಿದ್ಯುತ್ತನ್ನು ಅಷ್ಟಾಗಿ ಹರಿಯಬಿಡದ ಕಾರಣ ಸಾಧನ ಅದನ್ನೂ ಗಡ್ಡೆ ಎಂದೇ ಎಣಿಸಿ, ಇರುವುದಕ್ಕಿಂತ ಹೆಚ್ಚು ದಪ್ಪ ತೋರಿಸುತ್ತದೆ. ಗಡ್ಡೆ ತೆಳುವಿರಬಹುದಾದ ಜಾಗದಲ್ಲೇ ಧೈರ್ಯ ಹೇಳುವ ಉಪಕರಣ! ಇಂಥ ಕಡೆ ಬೈರಿಗೆಯ ಮಾತೇ ಕೊನೆ.

ಎಲ್ಲಿ ಅಳೆಯಬೇಕು ಎಂದು ಹೇಳುವವರು ಹಿರಿಯ ಬೇಟೆಗಾರರು. ಇಕ್ಕಟ್ಟಾದ ಕಡಲಗಾಲುವೆಗಳಲ್ಲಿ ಪ್ರವಾಹ ಜೋರಿರುವುದರಿಂದ ಕಡು ಚಳಿಯಲ್ಲೂ ಗಡ್ಡೆ ಬಲಿಯುವುದಿಲ್ಲ. ಮೇಲೆ ಹಿಮ ಬಿದ್ದರೆ ಉಪಗ್ರಹದ ಚಿತ್ರದಲ್ಲಿ ಎಲ್ಲವೂ ಬಿಳಿಯೇ. ಹಿಮ ಕಂಬಳಿಯಂತೆ ಕೆಲಸ ಮಾಡುವುದರಿಂದ ದಪ್ಪ ಹಿಮದಡಿ ಗಡ್ಡೆ ನಿಧಾನವಾಗಿ ಬೆಳೆಯುತ್ತದೆ ಎಂಬುದೂ ಹಿರಿಯರಿಗೆ ಗೊತ್ತು. ನಾವು ಮಳೆಯನ್ನು ಆರಿದ್ರೆ, ಆಶ್ಲೇಷ, ಮಘೆ ಎಂದು ಗುರುತಿಸುವ ಹಾಗೆ ಅವರು ಹೊಸ ಗಡ್ಡೆಗೆ ಸಿಕುಲಿಯಾಕ್, ದಡಕ್ಕೆ ಅಂಟಿ ನಿಂತದ್ದಕ್ಕೆ ತುವಾಕ್ ಎನ್ನುತ್ತಾರೆ. ಈ ಹೆಸರುಗಳನ್ನೇ ಅರಿಯದ ಹುಡುಗನ ಕೈಗೆ ಬರೀ ಸಾಧನ ಕೊಟ್ಟರೆ, ಅವನು ಅಳೆಯುವುದು ಸುಲಭವಾದ ಜಾಗವನ್ನು, ಬೇಕಾದ ಜಾಗವನ್ನಲ್ಲ.

ಗಡ್ಡೆಯ ಲೆಕ್ಕಕ್ಕೆಂದು ಅಳೆದ ಹಿಮದ ಆಳ ಜೀವಿಗಳ ಕಥೆಯನ್ನೂ ಹೇಳುತ್ತದೆ. ರಿಂಗ್ಡ್ ಸೀಲ್ ಎಂಬ ಬಗೆಯ ಸೀಲ್ ಗಡ್ಡೆಯಲ್ಲಿನ ತನ್ನ ಉಸಿರಾಟದ ಕಂಡಿಯ ಮೇಲಿನ ಹಿಮರಾಶಿಯಲ್ಲಿ ಗೂಡು ತೋಡಿ ಮರಿ ಹಾಕುತ್ತದೆ. ಹಿಮ ಸಾಲದಿದ್ದರೆ, ಅಥವಾ ವಸಂತದಲ್ಲಿ ಬೇಗ ಮಳೆ ಬಿದ್ದರೆ, ಗೂಡಿನ ಮಾಡು ಕುಸಿದು ಸೀಲ್‌ನ ಮರಿಯು ಕರಡಿಗೂ ನರಿಗೂ ಸುಲಭದ ತುತ್ತು.

ಹಡ್ಸನ್ ಕೊಲ್ಲಿಯ ಸಾನಿಕಿಲುವಾಕ್‌ನ ಆರ್ಕ್ಟಿಕ್ ಐಡರ್ ಸೊಸೈಟಿ 2019ರಲ್ಲಿ ಬಿಡುಗಡೆ ಮಾಡಿದ ಸಿಕು ಆ್ಯಪ್‌ನಲ್ಲಿ ಇಂಥ ಮಾಹಿತಿಗೆಲ್ಲ ಜಾಗವಿದೆ. ಗಡ್ಡೆಯ ಬಗೆ, ಕಂಡ ಪ್ರಾಣಿ, ಹಿಡಿದ ಸೀಲ್‌ನ ಹೊಟ್ಟೆಯಲ್ಲಿ ಏನಿತ್ತು ಎಂಬ ಫೋಟೊ, ಎಲ್ಲವನ್ನೂ ಜಾಗದ ಗುರುತಿನೊಂದಿಗೆ ದಾಖಲಿಸಬಹುದು. ಮಾಹಿತಿಯ ಒಡೆತನ ದಾಖಲಿಸಿದವರದೇ. ಯಾರಿಗೆ ತೋರಿಸಬೇಕೆಂದು ಅವರೇ ತೀರ್ಮಾನಿಸುತ್ತಾರೆ. ತಮ್ಮ ಬೇಟೆಯ ಜಾಗ ಹೊರಗಿನವರ ನಕ್ಷೆಯಲ್ಲಿ ಬಯಲಾಗುತ್ತದೆ ಎನಿಸಿದರೆ ಯಾರು ತಾನೆ ಬರೆದಾರು? ಅಳೆಯಲು ಹೋಗುವವರಿಗೆ ಸಂಬಳವನ್ನೂ ಕೊಡಬೇಕು. ಬೆಳಗಿನ ಕೊರೆಯುವ ಚಳಿಯಲ್ಲಿ ಅದೇ ದಾರಿಯನ್ನು ಚಳಿಗಾಲವಿಡೀ ಮತ್ತೆ ಮತ್ತೆ ಅಳೆಯುವುದು ಬಿಟ್ಟಿ ಉತ್ಸಾಹದಿಂದ ಆಗುವ ಕೆಲಸವಲ್ಲ.