ಗ್ರಹದ ತೂಕ ಹೇಳುವುದು ಅದರ ಚಂದ್ರ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು ಬಾಕ್ಸ್ ಲೆಕ್ಕದಲ್ಲಿ. ಒಂದು ಬಾಕ್ಸ್ ಅಂದರೆ 15 ಕೆಜಿ. ಭೂಮಿಯ ತೂಕ ಒಂದು ಬಾಕ್ಸ್ ಅಂತ ಇಟ್ಟುಕೊಳ್ಳಿ. ಆಗ ಗುರು 318 ಬಾಕ್ಸ್. ಶನಿ 95, ನೆಪ್ಚೂನ್ 17, ಯುರೇನಸ್ ಹದಿನಾಲ್ಕೂವರೆ. ಶುಕ್ರ 12 ಕೆಜಿ, ಮಂಗಳ ಒಂದೂವರೆ ಕೆಜಿಗಿಂತ ಚೂರು ಜಾಸ್ತಿ, ಬುಧ ಒಂದು ಕೆಜಿಯೂ ತೂಗಲ್ಲ. ಗುರುವನ್ನು ಬಿಟ್ಟು ಉಳಿದ ಏಳನ್ನೂ ಒಟ್ಟಿಗೆ ಪೇರಿಸಿದರೂ ಅವನ ಅರ್ಧ ಆಗುವುದಿಲ್ಲ. (ಸರಿಯಾಗಿ ಹೇಳಬೇಕೆಂದರೆ ಇದು ದ್ರವ್ಯರಾಶಿ, ಮಾತಿಗೆ ತೂಕ ಅನ್ನುತ್ತಿದ್ದೇನೆ.)

ಸರಿ, ಇದನ್ನೆಲ್ಲ ಯಾರು ತೂಗಿದರು, ಯಾವ ತಕ್ಕಡಿಯಲ್ಲಿ?

ತಕ್ಕಡಿ ತೋರಿಸಿಕೊಟ್ಟವನು ನ್ಯೂಟನ್, 1687ರಲ್ಲಿ. ಗ್ರಹ ಭಾರವಾದಷ್ಟೂ ಅದರ ಸುತ್ತಲಿನ ಚಂದ್ರ ಜೋರಾಗಿ ಓಡಬೇಕು, ಇಲ್ಲದಿದ್ದರೆ ಅದರ ಮೇಲೆಯೇ ಬಿದ್ದುಬಿಡುತ್ತದೆ. ನಮ್ಮ ಚಂದ್ರ 3.84 ಲಕ್ಷ ಕಿಮೀ ದೂರದಲ್ಲಿದ್ದು ಒಂದು ಸುತ್ತಿಗೆ 27 ದಿನ ತೆಗೆದುಕೊಳ್ಳುತ್ತಾನೆ. ಗುರುವಿನ ಚಂದ್ರ ಅಯೋ ಹೆಚ್ಚುಕಮ್ಮಿ ಅಷ್ಟೇ ದೂರದಲ್ಲಿದೆ, 4.22 ಲಕ್ಷ ಕಿಮೀ. ಆದರೆ ಅದು ಎರಡು ದಿನ ತುಂಬುವ ಮೊದಲೇ ಒಂದು ಸುತ್ತು ಮುಗಿಸಿಬಿಡುತ್ತದೆ! ಗುರು ಎಷ್ಟು ಜೋರಾಗಿ ಎಳೆಯುತ್ತಿರಬೇಕು ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ, ಅಲ್ವಾ? ದೂರದ ಘನವನ್ನು ಕಾಲದ ವರ್ಗದಿಂದ ಭಾಗಿಸಿ ಎರಡನ್ನೂ ಹೋಲಿಸಿದರೆ 318ರ ಹತ್ತಿರಕ್ಕೇ ಬರುತ್ತೀರಿ. ಅಯೋ ನೋಡೋಕೆ ದೊಡ್ಡ ದೂರದರ್ಶಕವೂ ಬೇಡ, ಅಂತರಗಂಗೆ ಬೆಟ್ಟದ ಕಡೆ ಕತ್ತಲಿರುವ ಜಾಗದಲ್ಲಿ ಅಲುಗಾಡದ ಹಾಗೆ ಹಿಡಿದ ಒಳ್ಳೆಯ ಬೈನಾಕ್ಯುಲರ್‌ನಲ್ಲೇ ಗುರುವಿನ ಚಂದ್ರರು ಚುಕ್ಕಿಗಳಾಗಿ ಕಾಣುತ್ತಾರೆ.

ಗುರು ಸೂರ್ಯನ 1067ರಲ್ಲಿ ಒಂದು ಪಾಲು ಅಂತ ನ್ಯೂಟನ್ ಕೊನೆಗೆ ಲೆಕ್ಕ ಕೊಟ್ಟ. ಈಗಿನ ಲೆಕ್ಕ 1047. ಭೂಮಿಯ ವಿಷಯದಲ್ಲಿ ಮಾತ್ರ ಸುಮಾರು ಎರಡು ಪಟ್ಟು ಎಡವಿದ, ಯಾಕೆಂದರೆ ಸೂರ್ಯನ ದೂರ ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಇವೆಲ್ಲ ಬರೀ ಪಾಲುಗಳು ಬೇರೆ. ಕೆಜಿ ಬೇಕೆಂದರೆ ಮೊದಲು ಭೂಮಿಯನ್ನೇ ತೂಗಬೇಕು. 1798ರಲ್ಲಿ ಕ್ಯಾವೆಂಡಿಶ್ ಸೀಸದ ಗುಂಡುಗಳು ಒಂದನ್ನೊಂದು ಎಳೆಯುವುದನ್ನು ಅಳೆದು ಅದನ್ನೂ ಮಾಡಿದ, ಇವತ್ತಿನ ಅಂಕಿಗೂ ಅವನದಕ್ಕೂ ಶೇಕಡಾ ಒಂದರಷ್ಟು ವ್ಯತ್ಯಾಸ.

ಚಂದ್ರ ಇಲ್ಲದ ಗ್ರಹವನ್ನು ಈ ತಕ್ಕಡಿಯಲ್ಲಿ ತೂಗೋಕೆ ಆಗಲ್ಲ. ಮಂಗಳನ ಚಂದ್ರರು 1877ರಲ್ಲಿ ಸಿಕ್ಕರು, ಅವನ ಮಟ್ಟಿಗೆ ಆ ತಾಪತ್ರಯ ಮುಗಿಯಿತು. ಬುಧ, ಶುಕ್ರರಿಗೆ ಚಂದ್ರರೇ ಇಲ್ಲ. ಪಕ್ಕದ ಗ್ರಹವನ್ನೋ ಹತ್ತಿರ ಬಂದ ಧೂಮಕೇತುವನ್ನೋ ಇವು ಎಷ್ಟು ಎಳೆದವು ಅಂತ ನೋಡಿ ಅಂದಾಜು ಹಾಕುತ್ತಿದ್ದರು. ಕಡೆಗೆ ನಾವೇ ನೌಕೆ ಕಳಿಸಬೇಕಾಯಿತು. 1962ರಲ್ಲಿ ಮ್ಯಾರಿನರ್ 2 ಶುಕ್ರನ ಪಕ್ಕ ಹೋಯಿತು, 1974ರಲ್ಲಿ ಮ್ಯಾರಿನರ್ 10 ಬುಧನ ಪಕ್ಕ. ನೌಕೆಯ ವೇಗ ಎಷ್ಟು ಬದಲಾಯಿತು ಅಂತ ರೇಡಿಯೋ ಸಿಗ್ನಲ್‌ನಲ್ಲಿ ನೋಡಿದರೆ ಎಳೆತ ಸಿಕ್ಕಿತು.

ನನಗೆ ಇಷ್ಟವಾಗುವುದು ಪ್ಲೂಟೊ ಕಥೆ. ಯುರೇನಸ್ ದಾರಿ ಲೆಕ್ಕಕ್ಕೆ ಸರಿಹೊಂದುತ್ತಿಲ್ಲ, ಆಚೆ ಯಾರೋ ಎಳೆಯುತ್ತಿದ್ದಾರೆ ಅಂತ ಹುಡುಕುತ್ತಿದ್ದಾಗ 1930ರಲ್ಲಿ ಸಿಕ್ಕಿದ್ದು ಅದು. ಅಷ್ಟು ಎಳೆಯಬೇಕಾದರೆ ಭೂಮಿಯಷ್ಟಾದರೂ ಇರಬೇಕು ಅಂದುಕೊಂಡರು. ಆಮೇಲೆ ಹತ್ತನೇ ಒಂದು ಪಾಲು ಅಂದರು, ಆಮೇಲೆ ನೂರನೇ ಒಂದು. 1978ರಲ್ಲಿ ಅದರ ಚಂದ್ರ ಶರಾನ್ ಸಿಕ್ಕಿದಾಗ ಬಂಡವಾಳ ಬಯಲಾಯಿತು: ಭೂಮಿಯ ಸುಮಾರು ಐನೂರನೇ ಒಂದು ಪಾಲು. ನಮ್ಮ ಬಾಕ್ಸ್ ಲೆಕ್ಕದಲ್ಲಿ ಒಂದು ಪುಟ್ಟ ಟೊಮೆಟೊ.

ಹಾಗಾದರೆ ಯುರೇನಸ್ಸನ್ನು ಎಳೆದವರು ಯಾರು? ಯಾರೂ ಇಲ್ಲ. 1989ರಲ್ಲಿ ವಾಯೇಜರ್ 2 ನೆಪ್ಚೂನ್ ಪಕ್ಕ ಹೋದಾಗ ಅದರ ತೂಕವನ್ನೇ ಶೇಕಡಾ ಅರ್ಧದಷ್ಟು ತಪ್ಪು ಹಿಡಿದಿದ್ದರು ಅಂತ ಗೊತ್ತಾಯಿತು. ಅದನ್ನು ತಿದ್ದಿ 1993ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಯುರೇನಸ್ ಸುಮ್ನೆ ತನ್ನ ದಾರಿಯಲ್ಲೇ ಹೋಗುತ್ತಿತ್ತು.